ಏನೂ ಅರ್ಥವಾಗಲಿಲ್ಲ

ದೊಡ್ಡಬಳ್ಳಾಪುರ
12 ಆಗಸ್ಟ್ 2024

ಚಂದನ ಮೇಡಂ ಅವರಿಗೆ ಮಮತ ಮಾಡುವ ನಮಸ್ಕಾರಗಳು.

ನಿನ್ನೆ ಸಿನಿಮಾ ಮುಗಿದ ಮೇಲೆ ನೀವು ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತು ಎಲ್ಲರ ಕೈಗೂ ಸ್ಟಾಂಪು ಹಚ್ಚಿದ ಒಂದೊಂದು ಕವರು ಕೊಟ್ಟಿರಿ. "ಮೊದಲ ಸಲ ನೋಡಿದಾಗ ಏನನ್ನಿಸಿತೋ ಅದನ್ನೇ ಬರೀರಿ, ಯೋಚನೆ ಮಾಡ್ಕೊಂಡು ಬರೀಬೇಡಿ" ಅಂದಿರಿ. ಫೋನು ಮಾಡಿ ಹೇಳೋಣವೆಂದರೆ ಇಷ್ಟು ವರ್ಷ ಪವರ್‌ಲೂಮಿನ ಪಕ್ಕ ನಿಂತ ನನ್ನ ಕಿವಿ ಫೋನಿಗೆ ಒಗ್ಗುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನನಗೇ ಹೆಚ್ಚು ನಂಬರು ಬಂದಿತ್ತು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಾನು ಇಂಥ ಸಿನಿಮಾ ನೋಡಿರಲಿಲ್ಲ. ನಮ್ಮ ಮುನಿರಾಮಯ್ಯ ಒಂದು ಮರದ ಬಾಗಿಲನ್ನು ಬೆನ್ನ ಮೇಲೆ ಹೊತ್ತು ಹೊರಡುತ್ತಾರೆ. ನಮ್ಮ ಬೀದಿ ದಾಟಿ, ರೈಲು ಹಳಿ ಪಕ್ಕ ನಡೆದು, ಮಾಕಳಿದುರ್ಗ ಹತ್ತಿ, ತುದಿಯಲ್ಲಿ ಬಾಗಿಲು ನಿಲ್ಲಿಸಿ ತಟ್ಟುತ್ತಾರೆ. ಸುತ್ತ ಗೋಡೆಯೇ ಇಲ್ಲ, ಆದರೂ ಒಳಗಿನಿಂದ ಯಾರೋ ಚಿಲಕ ತೆಗೆಯುತ್ತಾರೆ! ಆ ಬಾಗಿಲಿನಿಂದ ಬಾಶೆಟ್ಟಿಹಳ್ಳಿ ಫ್ಯಾಕ್ಟರಿಯ ಶಿಫ್ಟಿನವರೆಲ್ಲ ಯೂನಿಫಾರಮ್ಮು ಹಾಕಿಕೊಂಡು ಹಿಂದು ಹಿಂದಕ್ಕೆ ನಡೆದುಕೊಂಡು ಬರುತ್ತಾರೆ. ನನ್ನ ಗಂಡ ಅವರನ್ನೇ ದಿನಾ ಬಸ್ಸಿನಲ್ಲಿ ಕರೆದುಕೊಂಡು ಹೋಗಿಬರುವುದು. "ಹಿಂದಕ್ಕೆ ನಡೆದ್ರೂ ಪಂಚಿಂಗ್ ಟೈಮಿಗೆ ಸರಿಯಾಗಿ ಬಂದವ್ರೆ ನೋಡು" ಅಂದರು.

ಒಣಗಿದ ಕೆರೆಯಲ್ಲಿ ಮದುವೆ ಊಟದ ಪಂಕ್ತಿ ಕೂರಿಸಿ, ಬಾಳೆ ಎಲೆಗಳ ಮೇಲೆ ಅನ್ನದ ಬದಲು ಕನ್ನಡಿ ಚೂರು ಬಡಿಸಿದಿರಲ್ಲ, ಅದು ಮಾತ್ರ ನನ್ನ ಕಣ್ಣು ಬಿಟ್ಟು ಹೋಗುತ್ತಿಲ್ಲ. ಒಂದೊಂದು ಎಲೆಯಲ್ಲೂ ಒಂದೊಂದು ತುಂಡು ಆಕಾಶ. ಪಂಕ್ತಿಯಲ್ಲಿ ಕೂತ ಒಬ್ಬ ಮುದುಕ ಕೈ ಹಾಕಿ ಮೋಡವನ್ನು ಕಲಸುತ್ತಿದ್ದಾಗ ನನಗೆ ಹಸಿವೂ ಆಯಿತು, ಅಳುವೂ ಬಂತು. ಯಾಕೆ ಎಂದು ಕೇಳಬೇಡಿ. ಇವತ್ತು ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಮುಚ್ಚಳದಲ್ಲಿ ಮಗ್ಗದ ಶೆಡ್ಡಿನ ಕಿಟಕಿ ಕಂಡಿತು. ಮೊದಲೂ ಕಾಣುತ್ತಿತ್ತೇನೋ, ನಾನು ನೋಡಿದ್ದು ಇವತ್ತು.

ಮುನಿರಾಮಯ್ಯ ಬೆಟ್ಟ ಹತ್ತುವಾಗ ಮಂಟಪವೆಲ್ಲ ನಕ್ಕಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಮ್ಮವರ ಬುದ್ಧಿಯೇ ಅಷ್ಟು. ಆಮೇಲೆ ನಮ್ಮ ಅತ್ತೆ ಮಗ್ಗದ ಮುಂದೆ ನಿಂತು ಮಾತಾಡುವ ಆ ಉದ್ದನೆಯ ದೃಶ್ಯ ಬಂದಾಗ ಯಾರೂ ನಗಲಿಲ್ಲ, ನೀವು ಗಮನಿಸಿರಬಹುದು. ಅವರ ಮುಖ ಅಷ್ಟು ದೊಡ್ಡದಾಗಿ ಪರದೆ ತುಂಬ! ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ಖುಷಿಪಟ್ಟರು.

ಒಟ್ಟಿನಲ್ಲಿ ಸಿನಿಮಾ ತುಂಬಾ ಚೆನ್ನಾಗಿತ್ತು ಮೇಡಂ. ನಮಗೆ ಏನೂ ಅರ್ಥವಾಗಲಿಲ್ಲ.

ಇಂತಿ,
ಮಮತ


ಪುಣೆ
26 ಆಗಸ್ಟ್ 2024

ಪ್ರೀತಿಯ ಮಮತಕ್ಕ,

'ಮೇಡಂ' ಬೇಡ. ನಾನು ದೇವನಹಳ್ಳಿಯ ಮೇಷ್ಟ್ರ ಮಗಳು, ನಿಮ್ಮ ಮನೆಯಲ್ಲಿ ಮುದ್ದೆ ನುಂಗಿದವಳು. ಹೆಸರು ಹಿಡಿದೇ ಕರೆಯಿರಿ.

ನಿಮ್ಮದು ಬಂದ ದಿನ ಇನ್ನೂ ಒಂದು ಕಟ್ಟು ಕವರು ಬಂದವು. ಇಲ್ಲಿನ ಸಿನಿಮಾ ಶಾಲೆಯಲ್ಲಿ ಪಾಠ ಮಾಡಿ ಬಂದು ನೆಲದ ಮೇಲೆ ಹರಡಿಕೊಂಡು ಕೂತೆ. ಒಂದನ್ನು ಬಿಡಿಸಿದೆ: "ಏನೂ ಅರ್ಥವಾಗಲಿಲ್ಲ." ಇನ್ನೊಂದು: "ನನಗೆ ಅರ್ಥ ಆಗಲಿಲ್ಲ." ಮತ್ತೊಂದರಲ್ಲಿ ಬರೀ ಹೆಬ್ಬೆಟ್ಟು, ಕೆಳಗೆ ಯಾರೋ ಮಕ್ಕಳ ಕೈಯಲ್ಲಿ ಬರೆಸಿದ್ದು: "ಅಜ್ಜನಿಗೆ ಏನೂ ಅರ್ಥವಾಗಿಲ್ಲವಂತೆ." ಎಲ್ಲದರಲ್ಲೂ ಒಂದೇ ಮಾತು ಅಕ್ಕ. ಊರವರೆಲ್ಲ ಪಂಚಾಯ್ತಿ ಸೇರಿ ಬರೆದ ಹಾಗೆ.

ಅಂದು ಸಿನಿಮಾ ಮುಗಿದು ದೀಪ ಹಾಕಿದ ತಕ್ಷಣ ನಿಮ್ಮ ಶೆಡ್ಡಿನ ಮಾಲೀಕರು ಚಿಕ್ಕವೆಂಕಟಪ್ಪನವರು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ, "ನನ್ಗಂತೂ ಒಂದಕ್ಷರ ಅರ್ಥ ಆಗ್ಲಿಲ್ಲಪ್ಪ, ನಿಮ್ಗೇನಾದ್ರೂ ಆಯ್ತಾ?" ಎಂದರಲ್ಲ. ಎಲ್ಲರೂ "ಇಲ್ಲ ಇಲ್ಲ" ಎಂದರು. ನಾನು ನಗುತ್ತಾ ಕವರು ಹಂಚಿದೆ. ಬಸ್ಸಿನಲ್ಲಿ ಕೂತ ಮೇಲೆ ಅತ್ತುಬಿಟ್ಟೆ.

ಬೆಂಗಳೂರಿನಲ್ಲಿ ತೋರಿಸಿದಾಗ ಜನ ಎದ್ದು ಚಪ್ಪಾಳೆ ತಟ್ಟಿದ್ದರು. ಮಗ್ಗದ ಮುಂದೆ ಅಜ್ಜಿ, ಅಂದರೆ ನಿಮ್ಮ ಅತ್ತೆ, ಮಾತಾಡುವ ದೃಶ್ಯದ ಬಗ್ಗೆ ಒಬ್ಬರು, "ಧ್ವನಿಯಿಲ್ಲದ ಪ್ರಾರ್ಥನೆ" ಎಂದು ಬರೆದರು. ಆದರೆ ನಾನು ಈ ಸಿನಿಮಾವನ್ನು ಯಾರ ನಡುವೆ ಕೂತು ಮಾಡಿದೆನೋ ಅವರಿಗೇ ಮುಟ್ಟದಿದ್ದರೆ ಆ ಚಪ್ಪಾಳೆ ತೆಗೆದುಕೊಂಡು ಏನು ಮಾಡಲಿ? ಮುಂಬೈಯ ಒಂದು ಕಂಪನಿ ಸಿನಿಮಾವನ್ನು ಕೊಳ್ಳಲು ಮುಂದೆ ಬಂದಿದೆ. ಅವರದೂ ಇದೇ ತಕರಾರು: ಇಡೀ ಸಿನಿಮಾದಲ್ಲಿ ಜನ ಬಾಯಾಡಿಸುತ್ತಾರೆ, ಒಂದು ಮಾತೂ ಕೇಳಿಸುವುದಿಲ್ಲ, ಅಲ್ಲಲ್ಲಿ ಮಾತು ಸೇರಿಸಿ ಎನ್ನುತ್ತಾರೆ. ದೀಪಾವಳಿಯೊಳಗೆ ಹೇಳಬೇಕು.

ಇಷ್ಟು ದಿನ ಒಪ್ಪಿರಲಿಲ್ಲ. ಈಗ ನಿಮ್ಮೂರಿನ ಕವರುಗಳನ್ನು ನೋಡಿದ ಮೇಲೆ, ಅವರು ಹೇಳುವುದೇ ಸರಿಯೇನೋ ಅನ್ನಿಸುತ್ತಿದೆ. ಕನಿಷ್ಠ ಅಜ್ಜಿಯ ದೃಶ್ಯಕ್ಕಾದರೂ ಕೆಳಗೆ ಅಕ್ಷರ ಹಾಕಿಸೋಣ ಎಂದುಕೊಂಡಿದ್ದೇನೆ. ಚಿತ್ರೀಕರಣದ ದಿನ ನಾನೇ, "ಅಜ್ಜಿ, ಬಾಯಿಗೆ ಬಂದದ್ದು ಮಾತಾಡ್ತಿರಿ, ಧ್ವನಿ ತೆಗೆದುಬಿಡ್ತೀವಿ, ಯಾರಿಗೂ ಕೇಳಿಸಲ್ಲ" ಎಂದಿದ್ದೆ. ಮಗ್ಗದ ಸದ್ದಿನಲ್ಲಿ ನನಗೂ ಒಂದು ಮಾತೂ ಕೇಳಿಸಲಿಲ್ಲ. ಏನು ಹೇಳಿದರೆಂದು ಅವರನ್ನು ಕೇಳಿ ಬರೆಯುತ್ತೀರಾ?

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ,
ಚಂದನ


ದೊಡ್ಡಬಳ್ಳಾಪುರ
5 ಸೆಪ್ಟೆಂಬರ್ 2024

ಚಂದನಮ್ಮನಿಗೆ ಮಮತಳ ನಮಸ್ಕಾರ.

ಹೆಸರು ಹಿಡಿದು ಕರೆಯಲು ಬಾಯಿ ಬರುವುದಿಲ್ಲ, ಹಿಂದೆ ಒಂದು 'ಅಮ್ಮ' ಸೇರಿಸಿದ್ದೇನೆ. ನಾಳೆ ಗೌರಿ ಹಬ್ಬ. ಕಡುಬಿಗೆ ಹೂರಣ ಒಲೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಕಾಗದಕ್ಕೆ ಬೆಲ್ಲದ ಕೈ ಅಂಟಿದ್ದರೆ ತಪ್ಪು ತಿಳಿಯಬೇಡಿ.

ಅತ್ತೆಯನ್ನು ಕೇಳಿದೆ. ಏನು ಹೇಳಿದೆನೋ ನೆನಪಿಲ್ಲ ಎಂದರು. ವಯಸ್ಸಾಯಿತು. ಏನೋ ದೇವರ ನಾಮ ಇರಬೇಕು ಬಿಡಿ.

ಆ ದೃಶ್ಯಕ್ಕೆ ಅಕ್ಷರ ಹಾಕಿಸಬೇಡಿ. ನಾನು ಹೇಳುವಂಥದ್ದಲ್ಲ, ಆದರೂ ಹೇಳುತ್ತೇನೆ. ಇದ್ದ ಹಾಗೇ ಚೆನ್ನಾಗಿದೆ. ಮಗ್ಗದಿಂದ ಸೀರೆ ಇಳಿಯುತ್ತದೆ, ಯಾರೂ ಕತ್ತರಿಸುವುದಿಲ್ಲ, ಬಾಗಿಲು ದಾಟಿ ರಸ್ತೆಗೆ ಹೋಗುತ್ತದೆ, ರಾಗಿ ಹೊಲದ ಮೇಲೆ ಹೋಗುತ್ತದೆ, ಕುರಿಗಳು ಅದರ ಮೇಲೆ ನಡೆದು ಬೆಟ್ಟ ಹತ್ತುತ್ತವೆ. ಅದಕ್ಕೇನಾದರೂ ಅಕ್ಷರ ಬೇಕೆ? ನಾವು ನೇಯ್ದ ಸೀರೆ ಎಲ್ಲಿಗೆ ಹೋಗುತ್ತದೆ, ಯಾರು ಉಡುತ್ತಾರೆ ಎಂದು ನಮಗೆ ಗೊತ್ತಾಗುವುದೇ ಇಲ್ಲ. ಕುರಿಗಳಾದರೂ ನಡೆದವಲ್ಲ ಎಂದು ಸಮಾಧಾನವಾಯಿತು. ಶೆಡ್ಡಿನಲ್ಲಿ ಇವತ್ತಿಗೂ ಆ ಸಿನಿಮಾದ್ದೇ ಮಾತು.

ಬೇರೆ ಸುದ್ದಿ ಏನಿಲ್ಲ. ಸಿನಿಮಾದ ಮಾರನೇ ದಿನವೇ ಮಾಲೀಕರು ಬಂದು ಅತ್ತೆಯ ಮಗ್ಗದ ಮೇಲೆ ಹೊಸ ಟ್ಯೂಬ್‌ಲೈಟು ಹಾಕಿಸಿದರು. ಅಂಚಿನ ಸೀರೆ ಬಿಡಿಸಿ, ಒಂದೇ ಬಣ್ಣದ ಸಾದಾ ಸೀರೆ ನೇಯಲು ಕೊಟ್ಟಿದ್ದಾರೆ. ಅದೂ ಈಗ ನಿಂತಿದೆ. ಮಗ್ಗದ್ದೊಂದು ಪಾರ್ಟು ಮುರಿದಿದೆಯಂತೆ, ಸೂರತ್ತಿನಿಂದ ಬರಬೇಕಂತೆ, ಎಷ್ಟು ದಿನವಾಗುತ್ತದೋ ಗೊತ್ತಿಲ್ಲವಂತೆ. ಅತ್ತೆ ಮನೆಯಲ್ಲಿ ಕೂತು ಎಲ್ಲರ ಮೇಲೂ ಹರಿಹಾಯುತ್ತಿದ್ದಾರೆ.

ಮರೆಯಬೇಡಿ, ಆ ದೃಶ್ಯ ಇದ್ದ ಹಾಗೇ ಇರಲಿ.

ಮಮತ


ಪುಣೆ
16 ಸೆಪ್ಟೆಂಬರ್ 2024

ಮಮತಕ್ಕ,

ಕಾಗದಕ್ಕೆ ಬೆಲ್ಲ ಅಂಟಿತ್ತು. ಆದರೆ ಒಳಗಿನ ಮಾತು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು.

ಒಂದು ಕಡೆ 'ಏನೂ ಅರ್ಥವಾಗಲಿಲ್ಲ' ಎನ್ನುತ್ತೀರಿ. ಇನ್ನೊಂದು ಕಡೆ ತಿಂಗಳಾದರೂ ಶೆಡ್ಡಿನಲ್ಲಿ ಅದೇ ಮಾತು ಎನ್ನುತ್ತೀರಿ. ಅರ್ಥವಾಗದ್ದರ ಬಗ್ಗೆ ಅಷ್ಟೇನು ಮಾತು? ಆಡಿಕೊಂಡು ನಗುತ್ತಿದ್ದೀರಾ? ಹಾಗಿದ್ದರೂ ಹೇಳಿಬಿಡಿ, ನಾನು ತಡೆದುಕೊಳ್ಳುತ್ತೇನೆ. ಮುನಿರಾಮಯ್ಯ ಬೆವರು ಸುರಿಸಿಕೊಂಡು ಬೆಟ್ಟ ಹತ್ತುವುದು ಸಿನಿಮಾದಲ್ಲೇ ನೋವಿನ ಜಾಗ. ಅಲ್ಲೇ ಮಂಟಪವೆಲ್ಲ ಬಿದ್ದು ಬಿದ್ದು ನಕ್ಕಿತು. ಬೇರೆ ಯಾವ ಊರಿನಲ್ಲೂ ಅಲ್ಲಿ ಯಾರೂ ನಕ್ಕಿಲ್ಲ. ನಿಜ ಹೇಳಲಾ? ಆವತ್ತಿನಿಂದ ಆ ಬಾಗಿಲು ಹೊತ್ತವಳು ನಾನೇ ಅನ್ನಿಸುತ್ತಿದೆ. ಅಷ್ಟು ದೂರ ಹೊತ್ತು, ಹತ್ತಿ, ತಟ್ಟಿದೆ. ಆ ಕಡೆಯಿಂದ ಯಾರೂ ಚಿಲಕ ತೆಗೆಯಲಿಲ್ಲ.

ಅಜ್ಜಿಗೆ ನೆನಪಿಲ್ಲದಿದ್ದರೆ ಚಿಂತೆಯಿಲ್ಲ. ಇಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಒಬ್ಬ ಟೀಚರಿದ್ದಾರೆ, ಹುಬ್ಬಳ್ಳಿಯ ಕಡೆಯವರು. ತುಟಿ ನೋಡಿಯೇ ಮಾತು ಹೇಳಿಬಿಡುತ್ತಾರಂತೆ. ಈ ತಿಂಗಳ ಕೊನೆಗೆ ಅವರಿಗೆ ಆ ದೃಶ್ಯ ತೋರಿಸುತ್ತೇನೆ. ಅವರು ಹೇಳಿದ್ದನ್ನು ಅಕ್ಷರ ಮಾಡಿಸಿ ಹಾಕಿದರೆ ಮುಂಬೈಯವರೂ ಒಪ್ಪುತ್ತಾರೆ. ಮನೆಮನೆಯ ಫೋನಿನಲ್ಲೂ ನೋಡಬಹುದು. ಆಗಲಾದರೂ ನಿಮ್ಮೂರಿಗೆ ಅರ್ಥವಾದೀತು.

ಚಂದನ


ದೊಡ್ಡಬಳ್ಳಾಪುರ
21 ಸೆಪ್ಟೆಂಬರ್ 2024

ಚಂದನ,

ನಿನ್ನ ಕಾಗದ ಇವತ್ತು ಬಂತು, ಇವತ್ತೇ ಬರೆಯುತ್ತಿದ್ದೇನೆ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ. ಏಕವಚನಕ್ಕೆ ಬಂದುಬಿಟ್ಟೆ, ನೀನೂ ಕೋಪದಲ್ಲಿದ್ದೀಯ, ನಾನೂ ಗಾಬರಿಯಲ್ಲಿದ್ದೇನೆ, ಇಂಥ ಹೊತ್ತಿನಲ್ಲಿ ಬಹುವಚನ ಉಳಿಯುವುದಿಲ್ಲ.

ಆ ಟೀಚರಿಗೆ ತೋರಿಸಬೇಡ. ತೋರಿಸುವ ಅಗತ್ಯವೂ ಇಲ್ಲ. ಅತ್ತೆ ಏನು ಹೇಳಿದರು ಎಂದು ನನಗೆ ಗೊತ್ತು. ಮಂಟಪದಲ್ಲಿದ್ದ ಎಲ್ಲರಿಗೂ ಗೊತ್ತು.

ನೀನು ಶೆಡ್ಡಿಗೆ ಬಂದಾಗಲೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡು ತಲೆ ತಗ್ಗಿಸಿ ಓಡಾಡುತ್ತಿದ್ದೆ. ನಾವು ಕೂಗಿ ಮಾತಾಡುತ್ತಿದ್ದೇವೆ ಎಂದುಕೊಂಡಿರಬೇಕು. ಅಷ್ಟು ಮಗ್ಗ ಒಟ್ಟಿಗೆ ಹೊಡೆಯುವಾಗ ಯಾರು ಕೂಗಿದರೆ ಯಾರಿಗೆ ಕೇಳಿಸುತ್ತದೆ? ನಾವು ಧ್ವನಿ ತೆಗೆಯುವುದೇ ಇಲ್ಲ. ತುಟಿ ಆಡಿಸುತ್ತೇವೆ, ಎದುರಿನವರು ನೋಡುತ್ತಾರೆ. ಆ ಮೂಲೆಯ ಮಗ್ಗದವಳು ಈ ಮೂಲೆಯವಳ ಜೊತೆ ಜಗಳ ಆಡಿ ರಾಜಿಯೂ ಆಗುತ್ತಾಳೆ. ಕರೆಂಟು ಹೋಗಿ ಎಲ್ಲ ನಿಂತಾಗಲೂ ನಾವು ಸ್ವಲ್ಪ ಹೊತ್ತು ಹಾಗೇ ಸದ್ದಿಲ್ಲದೆ ಮಾತಾಡುತ್ತಿರುತ್ತೇವೆ. ನಿನ್ನ ಸಿನಿಮಾದಲ್ಲಿ ಮಾತು ಕೇಳಿಸುವುದಿಲ್ಲ ಎಂದು ಬೆಂಗಳೂರಿನವರು ಬೆರಗಾದರಂತೆ. ನಮಗೆ ಅದು ಸೋಮವಾರದ ಶೆಡ್ಡಿನ ಹಾಗೆ ಇತ್ತು. ಮಂಟಪದಲ್ಲಿದ್ದವರಲ್ಲಿ ಮಗ್ಗದ ಮುಂದೆ ನಿಲ್ಲದವರು ಕೈಬೆರಳೆಣಿಕೆ.

ಮುನಿರಾಮಯ್ಯ ಬೆಟ್ಟ ಹತ್ತುವಾಗ ಕ್ಯಾಮರಾ ಕಡೆಗೆ ತಿರುಗಿ ತಿರುಗಿ ಏನನ್ನುತ್ತಾರೆ ಗೊತ್ತಾ? "ಸೊಂಟ ಬಿದ್ದೋಯ್ತು ಕಣವ್ವ, ಇಳಿಸ್ಬಿಡ್ಲಾ? ಟೀ ಕೊಡ್ತೀನಿ ಅಂದಿದ್ರಲ್ಲ, ಎಲ್ಲಿ?" ಅದಕ್ಕೇ ನಕ್ಕಿದ್ದು. ನಿನ್ನನ್ನು ನೋಡಿ ನಕ್ಕಿದ್ದಲ್ಲ ತಾಯಿ.

ಹಾಗೇ ನಗುನಗುತ್ತಾ ಇದ್ದೆವು. ಅಷ್ಟರಲ್ಲಿ ಅತ್ತೆಯ ಮುಖ ಬಂತು. ನೀನೇ ಕೇಳಿದ್ದೀಯ, ಬರೆಯುತ್ತೇನೆ. ಅವರಂದದ್ದು ಇಷ್ಟು:

"ನನ್ಗೆ ಎಳೆ ಕಾಣ್ಸಲ್ಲ ಕಣಮ್ಮ. ಎರಡು ವರ್ಷ ಆಯ್ತು. ಬೆರಳಲ್ಲಿ ಮುಟ್ಟಿ ನೇಯ್ತೀನಿ. ಕಣ್ಣಾಸ್ಪತ್ರೆಗೆ ಹೋದ್ರೆ ಮಗ್ಗದ ಹತ್ರ ಹೋಗ್ಬೇಡ ಅಂತಾರೆ. ಅಷ್ಟರಲ್ಲಿ ನನ್ ಮಗ್ಗ ಬೇರೆಯೋರ್ಗೆ ಕೊಟ್ಬಿಡ್ತಾರೆ. ಮಗ್ಗ ಇಲ್ದೆ ಮನೇಲಿ ಕೂತ್ರೆ ನಾನ್ ಯಾರು? ಎಳೆ ಕಡಿದ್ರೆ ಸೊಸೆ ಬಂದು ಕಟ್ಟಿ ಹೋಗ್ತಾಳೆ. ಸೋಮಾರಿ ಅಂದ್ಕೊಂಡವ್ಳೆ. ಅಂದ್ಕೊಳ್ಲಿ. ಕುರುಡಿ ಅನ್ನಿಸ್ಕೊಳ್ಳೋದ್ಕಿಂತ ಸೋಮಾರಿ ಅನ್ನಿಸ್ಕೊಳ್ಳೋದೇ ಮೇಲು."

ಯಾರಿಗೂ ಕೇಳಿಸುವುದಿಲ್ಲ ಎಂದು ನೀನು ಹೇಳಿದ್ದನ್ನು ನಂಬಿದರು. ಅಲ್ಲದೆ ಈ ಸಿನಿಮಾ ಫಾರಿನ್ನಿಗೆ ಹೋಗುತ್ತದೆ ಎಂದು ಬೇರೆ ಹೇಳಿದ್ದೆ. ಫಾರಿನ್ನಿನವರಿಗೆ ನಮ್ಮ ತುಟಿ ಏನು ಗೊತ್ತು ಎಂದುಕೊಂಡಿರಬೇಕು. ನಮ್ಮೂರಿಗೇ ತಂದು, ಮುಖವನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸುತ್ತೀಯ ಎಂದು ಅವರಿಗೆ ಹೊಳೆಯಲೇ ಇಲ್ಲ.

ಅವರು ಖುಷಿಪಟ್ಟರು ಎಂದು ನಿನಗೆ ಸುಳ್ಳು ಬರೆದೆ. ಅವರ ಮುಖವೇ ಪರದೆಯ ತುಂಬ ಇದ್ದಾಗ, ಅವರು ನನ್ನ ಮೊಣಕೈ ತಿವಿದು ಕೇಳಿದರು: "ನಾನ್ ಯಾವಾಗ್ಲೇ ಬರೋದು?"

"ಬರ್ತೀರಾ, ಇನ್ನೂ ಇದೆ" ಅಂದೆ. ನನ್ನ ಪಕ್ಕದ ಮಗ್ಗದಲ್ಲೇ ನಿಂತಿದ್ದ ಹೆಂಗಸು ಎರಡು ವರ್ಷ ಕತ್ತಲೆಯಲ್ಲಿ ನೇಯ್ದಿದ್ದಾರೆ. ನಾನು ಅವರ ಎಳೆ ಕಟ್ಟುತ್ತಾ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ದೀಪ ಹಾಕಿದರು. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಮಾಲೀಕರೂ ಅಲ್ಲೇ ಇದ್ದರು, ಅವರೂ ಚಿಕ್ಕಂದಿನಲ್ಲಿ ಮಗ್ಗ ಹೊಡೆದು ಮೇಲೆ ಬಂದವರು, ಅವರಿಗೆ ತುಟಿ ಓದಲು ಬಾರದೇ ಇರುತ್ತದೆಯೇ? ಅತ್ತೆಯ ಮಗ್ಗ ಹೋಯಿತು ಎಂದೇ ನಾನು ಅಂದುಕೊಂಡೆ. ಆಗ ಅವರು ಎದ್ದು, ಅಷ್ಟು ದೊಡ್ಡ ಗಂಟಲಿನಲ್ಲಿ, "ನನ್ಗಂತೂ ಒಂದಕ್ಷರ ಅರ್ಥ ಆಗ್ಲಿಲ್ಲಪ್ಪ" ಎಂದರು. ನಮಗೆ ಹೋದ ಜೀವ ಬಂತು. ನಾವೂ "ಇಲ್ಲ ಇಲ್ಲ, ಏನೂ ಆಗ್ಲಿಲ್ಲ" ಎಂದೆವು. ಯಾರೂ ಪಂಚಾಯ್ತಿ ಸೇರಲಿಲ್ಲ ಚಂದನ. ಆದರೆ ನಿನ್ನ ಕವರಿನಲ್ಲಿ ಒಬ್ಬರು ಅರ್ಥವಾಯಿತು ಎಂದು ಬರೆದಿದ್ದರೂ, ಏನು ಅರ್ಥವಾಯಿತು ಎಂದು ನೀನು ಕೇಳುತ್ತಿದ್ದೆ.

ಮಾರನೇ ದಿನದ ಟ್ಯೂಬ್‌ಲೈಟು ಯಾಕೆ ಎಂದು ಈಗ ನಿನಗೆ ತಿಳಿದಿರಬೇಕು. ಮಗ್ಗದ ಪಾರ್ಟು ಮುರಿದಿಲ್ಲ. ಮಾಲೀಕರೇ ಮೆಕ್ಯಾನಿಕ್ ನಂದೀಶನಿಗೆ ಹೇಳಿ ಬಿಚ್ಚಿಸಿ ಬೀರುವಿನಲ್ಲಿ ಇಟ್ಟಿದ್ದಾರೆ. "ಸೂರತ್ತಿಂದ ಬರೋವರ್ಗೂ ನಿನ್ ಮಗ್ಗ ಯಾರೂ ಮುಟ್ಟಂಗಿಲ್ಲ ಅಮ್ಮಯಮ್ಮ, ಸುಮ್ನೆ ಕೂರೋ ಬದ್ಲು ಮೈ ಕೈ ಏನಾದ್ರೂ ತೋರಿಸ್ಕೋ ಹೋಗು" ಎಂದು ಅತ್ತೆಗೆ ಹೇಳಿದರಂತೆ. ನಾನು ನನಗೆ ತಲೆನೋವು, ಕಣ್ಣು ತೋರಿಸಬೇಕು, ಜೊತೆಗೆ ಬನ್ನಿ ಎಂದು ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರು ಇಬ್ಬರದೂ ನೋಡಿದರು. ಅತ್ತೆಯದು ಎರಡೂ ಕಣ್ಣಿಗೆ ಪೊರೆ. ಒಂದೊಂದಾಗಿ ತೆಗೆಯಬಹುದಂತೆ. "ಮಗ್ಗ ಹೆಂಗೂ ನಿಂತೈತೆ, ತೆಗೆಸಿಬಿಡು" ಎಂದು ಅವರೇ ಒಪ್ಪಿದರು.

ಈಗ ನೀನು ಅಕ್ಷರ ಹಾಕಿಸಿದರೆ, ನಾವೆಲ್ಲ ಅರ್ಥವಾಗಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಆಮೇಲೆ ಅವರು ಯಾರ ಮುಖ ನೋಡಿಕೊಂಡು ಶೆಡ್ಡಿಗೆ ಬರುತ್ತಾರೆ? ನಿನ್ನ ನಾಲ್ಕು ವರ್ಷದ ಸಿನಿಮಾ, ಮುಂಬೈಯವರ ಮಾತು, ಎಲ್ಲ ನನಗೆ ಗೊತ್ತು. ಆದರೂ ಕೈಮುಗಿದು ಕೇಳುತ್ತೇನೆ, ಬೇಡ.

ನಿನ್ನ ಬಾಗಿಲಿನ ಚಿಲಕ ನಮ್ಮೂರು ತೆಗೆದದ್ದು ನಿನಗೆ ಕಾಣಲಿಲ್ಲ, ಅಷ್ಟೇ.

ಮಮತಕ್ಕ


ಪುಣೆ
9 ಅಕ್ಟೋಬರ್ 2024

ಅಕ್ಕ,

ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಬರೆದು ಬರೆದು ಹರಿದೆ.

ಟೀಚರಿಗೆ ಬೇಡ ಎಂದು ಹೇಳಿದ್ದೇನೆ. ಮುಂಬೈಯವರಿಗೂ, ಬೇಕಾದರೆ ಇದ್ದ ಹಾಗೇ ತೆಗೆದುಕೊಳ್ಳಿ ಎಂದೆ. ಅವರು ಬೇಡವೆಂದರು. ಆ ದಿನ ಸ್ವಲ್ಪ ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಮಾರನೇ ದಿನ ನಿಮ್ಮೂರಿನ ಕವರುಗಳನ್ನೆಲ್ಲ ಮತ್ತೆ ನೆಲದ ಮೇಲೆ ಹರಡಿಕೊಂಡೆ. ಏನೂ ಅರ್ಥವಾಗಲಿಲ್ಲ. ನನಗೆ ಅರ್ಥ ಆಗಲಿಲ್ಲ. ಅಜ್ಜನಿಗೆ ಏನೂ ಅರ್ಥವಾಗಿಲ್ಲವಂತೆ. ಒಂದೊಂದನ್ನೂ ಜೋರಾಗಿ ಓದಿದೆ. ಯಾರ ಸಿನಿಮಾಕ್ಕೂ ಇಷ್ಟು ಒಳ್ಳೆಯ ಮಾತು ಬಂದಿರಲಿಕ್ಕಿಲ್ಲ. ಆ ಹೆಬ್ಬೆಟ್ಟಿನ ಕವರನ್ನು ನನ್ನ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ.

ನಾನು ಆ ದೃಶ್ಯವನ್ನು ಯಾಕೆ ಅಷ್ಟು ಉದ್ದ ಬಿಟ್ಟೆ ಎಂದು ನನಗೇ ಗೊತ್ತಿರಲಿಲ್ಲ. ಕತ್ತರಿಸಲು ಹೋದಾಗಲೆಲ್ಲ, ಈ ಹೆಂಗಸು ಏನೋ ಹೇಳಿ ಮುಗಿಸಿಲ್ಲ ಅನ್ನಿಸಿ ಕೈ ಬರುತ್ತಿರಲಿಲ್ಲ. ಮಾತು ತಿಳಿಯದೆಯೂ ಅಷ್ಟು ಮಾತ್ರ ನನಗೂ ಕಂಡಿತ್ತು. ಅದೊಂದೇ ನನಗೆ ಸಮಾಧಾನ.

ಇನ್ನು ಮುಂದೆ ಸಿನಿಮಾವನ್ನು ನಾನೇ ಊರೂರಿಗೆ ತೆಗೆದುಕೊಂಡು ಹೋಗುತ್ತೇನೆ. ಆದರೆ ಮಗ್ಗದ ಊರುಗಳಿಗೆ ಬೇಡ. ನೀವೇ ಹೇಳಿ, ಎಲ್ಲೆಲ್ಲಿ ಮಗ್ಗವಿದೆ?

ಅಜ್ಜಿಯ ಕಣ್ಣು ಏನಾಯಿತು? ಮುನಿರಾಮಯ್ಯನವರಿಗೆ ಹೇಳಿ, ಅವರ ಟೀ ನನ್ನ ತಲೆಯ ಮೇಲಿದೆ.

ನಿಮ್ಮ ತಂಗಿ,
ಚಂದನ


ದೊಡ್ಡಬಳ್ಳಾಪುರ
16 ಡಿಸೆಂಬರ್ 2024

ಚಂದನ,

ಎರಡು ತಿಂಗಳು ಬರೆಯಲಿಲ್ಲ, ಬೈಯಬೇಡ. ಆಸ್ಪತ್ರೆ, ಡ್ರಾಪ್ಸು, ಅದರ ಮೇಲೆ ಅತ್ತೆಯ ಕಾಟ. ಕಣ್ಣಿಗೆ ನೀರು ಬೀಳಬಾರದು ಎಂದರೆ ತಲೆಗೆ ಸ್ನಾನ ಮಾಡುತ್ತೇನೆ ಎನ್ನುತ್ತಾರೆ. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಎರಡೂ ಚೆನ್ನಾಗಿವೆ. ಪಟ್ಟಿ ಬಿಚ್ಚಿದ ದಿನ ನನ್ನ ಮುಖ ನೋಡಿ, "ಇಷ್ಟು ಕಪ್ಪಗಿದ್ದೀಯೇನೇ ನೀನು?" ಎಂದರು. ಮದುವೆಯಾಗಿ ಬಂದ ದಿನ ಅಂದಿದ್ದೂ ಇದೇ ಮಾತು.

ಅವರಿಗೆ ಕಣ್ಣು ಬಂದ ವಾರವೇ ಮಗ್ಗದ ಪಾರ್ಟು ಸೂರತ್ತಿನಿಂದ ಬಂತು.

ಈಗ ಮುಖ್ಯ ಸುದ್ದಿಗೆ ಬರುತ್ತೇನೆ. ನೀನು ನಿನ್ನ ಕ್ಯಾಮರಾ ಹುಡುಗ ಅಮರ್ ಕೈಯಲ್ಲಿ ಸಿನಿಮಾ ಕಳಿಸಿಕೊಟ್ಟದ್ದು ಅತ್ತೆಯೇ ಹಟ ಮಾಡಿ ಮಾಲೀಕರಿಂದ ಫೋನು ಮಾಡಿಸಿದ್ದರಿಂದ ಎಂದು ನಿನಗೆ ಗೊತ್ತು. "ಹೊಸ ಕಣ್ಣು ಬಂದೈತೆ, ನನ್ ಮುಖ ನಾನೇ ನೋಡಿಲ್ಲ" ಎಂದರು. ಬೇಡ ಎನ್ನಲು ಕಾರಣ ಕೊಡಬೇಕಲ್ಲ. ಕಾರಣ ಕೊಟ್ಟರೆ ಎಲ್ಲವನ್ನೂ ಹೇಳಿದ ಹಾಗೆ. ಬಾಯಿ ಬಿಟ್ಟರೆ ಬಣ್ಣಗೇಡು. ಇಡೀ ಶೆಡ್ಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಗಲಿ ಎಂದೆವು.

ನಿನ್ನೆ ಭಾನುವಾರ ಶೆಡ್ಡಿನಲ್ಲೇ ತೋರಿಸಿದರು. ಮಗ್ಗಗಳ ಮಧ್ಯೆ ಬಿಳಿ ಪಂಚೆ ಕಟ್ಟಿದ್ದರು. ಅತ್ತೆ ಹೊಸ ಸೀರೆ ಉಟ್ಟು ಮುಂದೆ ಕೂತರು. ಮುನಿರಾಮಯ್ಯ ಬೆಟ್ಟ ಹತ್ತುವಾಗ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಮುನಿರಾಮಯ್ಯನ ತುಟಿ ಅವರಿಗೆ ಕಾಣುತ್ತಿದೆ ಎಂದಾಯಿತು.

ಕನ್ನಡಿಯ ಊಟ ಬಂತು. ಕುರಿಗಳು ಬಂದವು. ಅವರ ಮುಖ ಬಂತು.

ಅವರು ಕದಲದೆ ನೋಡಿದರು. ಪರದೆಯ ಮೇಲಿನ ಅತ್ತೆ ಮಾತಾಡುತ್ತಲೇ ಇದ್ದರು, ಕೆಳಗೆ ಕೂತ ಅತ್ತೆ ಓದುತ್ತಲೇ ಇದ್ದರು. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ನಮ್ಮನ್ನೆಲ್ಲ ನೋಡಿದರು. ನಾವು ಯಾರೂ ಅವರ ಕಡೆ ನೋಡಲಿಲ್ಲ. ಮಾಲೀಕರು ಮೇಲಿನ ಟ್ಯೂಬ್‌ಲೈಟನ್ನೇ ನೋಡುತ್ತಾ ಕೂತಿದ್ದರು. ಅತ್ತೆಯೂ ಆ ಟ್ಯೂಬ್‌ಲೈಟು ನೋಡಿದರು. ಆಮೇಲೆ ತಮ್ಮ ಮಗ್ಗ ನೋಡಿದರು. ಸೂರತ್ತಿನ ಪಾರ್ಟು ಯಾವುದು ಎಂದು ಆ ಕ್ಷಣಕ್ಕೆ ಅವರಿಗೆ ಗೊತ್ತಾಯಿತು ಎಂದು ನನಗನ್ನಿಸಿತು.

ಸಿನಿಮಾ ಮುಗಿಯಿತು. ದೀಪ ಹಾಕಿದರು. ಯಾರಿಗೂ ಏಳಲು ಧೈರ್ಯವಿಲ್ಲ. ಅತ್ತೆಯೇ ಎದ್ದರು. ಸೆರಗು ಸರಿ ಮಾಡಿಕೊಂಡು, ಮಾಲೀಕರ ಕಡೆ ತಿರುಗಿ, ಗಂಟಲು ಬಿಟ್ಟು ಹೇಳಿದರು:

"ಏನಪ್ಪಾ ಇದು ಚಿಕ್ಕವೆಂಕಟಪ್ಪ, ನನ್ಗೂ ಒಂದೂ ಅರ್ಥ ಆಗ್ಲಿಲ್ಲ!"

"ಯಾರ್ಗ್ ಆಯ್ತದೆ ಬಿಡಮ್ಮ" ಎಂದರು ಅವರು. ಅವರ ಕಣ್ಣು ಒದ್ದೆಯಾಗಿತ್ತು. ಮುನಿರಾಮಯ್ಯ ಎಲ್ಲರಿಗೂ ಟೀ ತರಿಸಿದರು, ಲೆಕ್ಕ ನಿನ್ನ ಹೆಸರಿಗೆ.

ಮನೆಗೆ ಬರುವಾಗ ದಾರಿಯಲ್ಲಿ ಅತ್ತೆ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದರು. ನನಗೆ ಹೆದರಿಕೆಯಾಯಿತು. ಊಟ ಬಡಿಸಿದೆ, ತಿಂದು ಮಲಗಿದರು. ಬೆಳಿಗ್ಗೆ ಎದ್ದು ನನಗಿಂತ ಮೊದಲೇ ಶೆಡ್ಡಿಗೆ ಹೋಗಿದ್ದರು.

ಇವತ್ತು ಮಗ್ಗಗಳೆಲ್ಲ ಹೊಡೆಯುತ್ತಿದ್ದವು. ನಾನು ನಿನ್ನೆಯದೇ ಗುಂಗಿನಲ್ಲಿ ಎತ್ತಲೋ ನೋಡುತ್ತಾ ನಿಂತಿದ್ದೆ. ನನ್ನ ಮಗ್ಗದಲ್ಲಿ ಎಳೆ ಕಡಿದದ್ದು ಗೊತ್ತಾಗಲಿಲ್ಲ. ಅತ್ತೆಗೆ ಅವರ ಮಗ್ಗದಿಂದಲೇ ಕಂಡಿದೆ. ತಮ್ಮ ಮಗ್ಗ ನಿಲ್ಲಿಸಿ ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಕಡಿದ ಎಳೆ ಹುಡುಕಿ, ಎರಡು ಬೆರಳಲ್ಲಿ ಹೊಸೆದು ಕಟ್ಟಿದರು. ನೇರ ನಿಂತು ನನ್ನ ಮುಖವನ್ನೇ ನೋಡಿದರು. ಆ ಸದ್ದಿನಲ್ಲಿ, ಧ್ವನಿಯಿಲ್ಲದೆ, ತುಟಿಯನ್ನು ಚೆನ್ನಾಗಿ ಬಿಡಿಸಿ ಬಿಡಿಸಿ ಒಂದೇ ಒಂದು ಮಾತು ಅಂದರು:

"ಸೋಮಾರಿ."

ಆಮೇಲೆ ನಕ್ಕು ನನ್ನ ಕೆನ್ನೆ ಚಿವುಟಿ ಹೋದರು. ಶೆಡ್ಡಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಯಾರಿಗೂ ಏನೂ ಅರ್ಥವಾಗಲಿಲ್ಲ.

ನಿನ್ನ,
ಮಮತಕ್ಕ